ಎಕ್ಸ್‌ಚೇಂಜ್ ಉಳೀತು, ಕಂಪನಿ ಹೋಯ್ತು

ಇವತ್ತಿನ ಕಥೆ ಒಂದು ಖರೀದಿಯದು. ಖರೀದಿ, ಟೆಂಡರು ಅಂದ ತಕ್ಷಣ ಮುಂದಿನ ಎಪಿಸೋಡಿಗೆ ಹಾರಬೇಡಿ. ಈ ಖರೀದಿಯ ಒಂದು ಪಟ್ಟಿಯಲ್ಲಿ ಹೆಸರಿಲ್ಲ ಅನ್ನೋ ಕಾರಣಕ್ಕೆ, ಶತಮಾನ ದಾಟಿದ ಹೆಸರಿನ ಕಂಪನಿಯೊಂದು ಆರೇ ತಿಂಗಳಲ್ಲಿ ಮಾರಾಟವಾಯ್ತು.

ಮೊದಲು ನಮ್ಮನೆ ಫೋನಿನ ವಿಷಯ ಹೇಳ್ತೀನಿ. ನಾನು ಚಿಕ್ಕವನಿದ್ದಾಗ ಮಳೆಗಾಲದಲ್ಲಿ ಕರೆಂಟು ಹೋಯ್ತು ಅಂದ್ರೆ ಎರಡು ದಿನ ಬರ್ತಿರಲಿಲ್ಲ. ಆದ್ರೆ ಹಾಲಿನ ಮೂಲೆಯಲ್ಲಿದ್ದ ಫೋನ್ ಎತ್ತಿದ್ರೆ ಗುಂಯ್ ಅಂತ ಡಯಲ್ ಟೋನ್ ಬರ್ತಿತ್ತು. ಕತ್ತಲಲ್ಲಿ ಅಜ್ಜಿ ಅದೇ ಫೋನಿನಲ್ಲಿ ಮಗಳ ಹತ್ರ ಆರಾಮಾಗಿ ಮಾತಾಡ್ತಿದ್ರು. ಇದರಲ್ಲಿ ಮಾಯವೇನಿಲ್ಲ. ಫೋನಿಗೆ ಬೇಕಾದ 48 ವೋಲ್ಟ್ ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ ತಾಮ್ರದ ತಂತಿಯಲ್ಲೇ ಬರ್ತಿತ್ತು. ಇದನ್ನ ನೆನಪಿಟ್ಟುಕೊಳ್ಳಿ, ಕಥೆಯ ಕೊನೆಯಲ್ಲಿ ಬೇಕಾಗುತ್ತೆ.

ಹಳೆಯ ಎಕ್ಸ್‌ಚೇಂಜ್ ಮಾಡ್ತಿದ್ದ ಕೆಲಸ ಇಷ್ಟು: ನೀವು ಮಾತು ಮುಗಿಸುವ ತನಕ ನಿಮ್ಮಿಬ್ಬರ ನಡುವೆ ಒಂದು ದಾರಿಯನ್ನ ಕಾದಿರಿಸೋದು. ಇಬ್ಬರೂ ಸುಮ್ಮನೆ ಕೂತಿದ್ರೂ ಆ ದಾರಿ ನಿಮ್ಮದೇ. ಇಂಟರ್ನೆಟ್ ಬಂದ ಮೇಲೆ ಇದು ದುಂದುಗಾರಿಕೆಯಾಗಿ ಕಾಣಿಸ್ತು. ದನಿಯನ್ನ ಚೂರುಚೂರು ಪ್ಯಾಕೆಟ್ ಮಾಡಿ ಮಿಕ್ಕ ಡೇಟಾ ಜೊತೆಗೇ ಕಳಿಸಬಹುದು. ಯಾರ ಕರೆ ಯಾರಿಗೆ ಅಂತ ತೀರ್ಮಾನಿಸೋಕೆ ಒಂದು ಕಂಪ್ಯೂಟರ್ ಸಾಕು. ಬುದ್ಧಿ ಒಂದು ಕಡೆ, ದನಿ ಹೋಗುವ ದಾರಿ ಇನ್ನೊಂದು ಕಡೆ. ಇದಕ್ಕೆ ಸಾಫ್ಟ್‌ಸ್ವಿಚ್ ಅಂತಾರೆ. 2016ರಲ್ಲಿ ಜಿಯೋ ಶುರುವಾದಾಗ ಅದರ ಕರೆಗಳೆಲ್ಲ ಹೀಗೆ ಡೇಟಾ ಮೇಲೇ ಹೋಗ್ತಿದ್ದವು. ಆದ್ರೆ ಜಿಯೋಗೆ ಹಳೆಯ ಎಕ್ಸ್‌ಚೇಂಜಿನ ಹೊರೆ ಇರಲಿಲ್ಲ. ಇದ್ದವರ ಕಷ್ಟವೇ ಬೇರೆ.

ಹಾಗೆ ಹೊರೆ ಇದ್ದವರಲ್ಲಿ ದೊಡ್ಡವರು ಬ್ರಿಟಿಷ್ ಟೆಲಿಕಾಂ, ಅಂದ್ರೆ ಬಿಟಿ. 2004ರಲ್ಲಿ ಅವರು ಒಂದು ಯೋಜನೆ ಘೋಷಿಸಿದ್ರು: ದೇಶದ ಫೋನ್ ಜಾಲ ಪೂರ್ತಿ ಇಂಟರ್ನೆಟ್ ಪದ್ಧತಿಗೆ. ಹೆಸರು 21ನೇ ಶತಮಾನದ ಜಾಲ. ಅಂದಾಜು ಖರ್ಚು 1,000 ಕೋಟಿ ಪೌಂಡ್.

ಆಗ ಬಿಟಿ ಎಕ್ಸ್‌ಚೇಂಜ್‌ಗಳಲ್ಲಿ ಮುಖ್ಯವಾಗಿ ಓಡ್ತಿದ್ದದ್ದು ಸಿಸ್ಟಂ ಎಕ್ಸ್ ಅನ್ನೋ ಡಿಜಿಟಲ್ ಸ್ವಿಚ್. ಬ್ರಿಟನ್ನಿನ ಅಂಚೆ ಇಲಾಖೆ ಸ್ವದೇಶಿ ಕಂಪನಿಗಳ ಜೊತೆ ಕೂತು ಕಟ್ಟಿದ ಯಂತ್ರ. 1980ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಚಾಲೂ ಆಯ್ತು. ತಯಾರಿಸಿದ ಕಂಪನಿಗಳು ಒಂದರೊಳಗೊಂದು ಸೇರಿ, 1999ರ ಹೊತ್ತಿಗೆ ಮಾರ್ಕೋನಿ ಅನ್ನೋ ಹೆಸರಿನಡಿ ಬಂದಿದ್ದವು. ಹೌದು, ರೇಡಿಯೋದ ಅದೇ ಮಾರ್ಕೋನಿಯ ಹೆಸರು.

ಇಲ್ಲಿ ಬೆಂಗಳೂರಿನ ಒಂದು ನಂಟು ಇದೆ. 1948ರಲ್ಲಿ ಬೆಂಗಳೂರಿನಲ್ಲಿ ಐಟಿಐ ಶುರುವಾದಾಗ (ದೂರವಾಣಿನಗರ ಅನ್ನೋ ಹೆಸರು ಬಂದದ್ದೇ ಈ ಕಾರ್ಖಾನೆಯಿಂದ) ಎಕ್ಸ್‌ಚೇಂಜ್ ಮಾಡುವ ತಂತ್ರಜ್ಞಾನ ಕೊಟ್ಟದ್ದು ಲಿವರ್‌ಪೂಲಿನ ಆಟೋಮ್ಯಾಟಿಕ್ ಟೆಲಿಫೋನ್ ಅಂಡ್ ಎಲೆಕ್ಟ್ರಿಕ್ ಕಂಪನಿ. ಮುಂದೆ ಅದು ಪ್ಲೆಸ್ಸಿ ಕಂಪನಿಗೆ ಸೇರಿತು, ಪ್ಲೆಸ್ಸಿಯ ಟೆಲಿಕಾಂ ವ್ಯವಹಾರ ಮಾರ್ಕೋನಿಗೆ ಬಂತು. ಅಂದ್ರೆ ನಮ್ಮ ಐಟಿಐಗೆ ಪಾಠ ಹೇಳಿಕೊಟ್ಟ ಮನೆತನದ ಕೊನೆಯ ಕುಡಿಯ ಕಥೆ ಇದು.

ಮಾರ್ಕೋನಿ ಏನು ಸಾಧು ಅಲ್ಲ. ಡಾಟ್‌ಕಾಂ ಅಮಲಿನಲ್ಲಿ ಅಮೆರಿಕದ ಎರಡು ಕಂಪನಿಗಳನ್ನ ನೂರಾರು ಕೋಟಿ ಡಾಲರ್ ಸುರಿದು ಕೊಂಡಿತ್ತು. 2000ದಲ್ಲಿ 12 ಪೌಂಡ್ ದಾಟಿದ್ದ ಷೇರು ಎರಡೇ ವರ್ಷದಲ್ಲಿ ಪೆನ್ನಿಗಳಿಗೆ ಇಳೀತು. 2003ರಲ್ಲಿ ಸಾಲಗಾರರು ಕಂಪನಿಯನ್ನ ಉಳಿಸಿಕೊಂಡರು. ಹಳೆಯ ಷೇರುದಾರರಿಗೆ ಹೊಸ ಕಂಪನಿಯಲ್ಲಿ ಸಿಕ್ಕಿದ್ದು ಶೇ. 0.5. ಉಳಿದ ಆಸೆ ಒಂದೇ: ಬಿಟಿ. ಆದಾಯದ ಸುಮಾರು ಕಾಲು ಭಾಗ ಬರ್ತಿದ್ದದ್ದು ಅಲ್ಲಿಂದಲೇ. ಹಳೆಯ ಸ್ವಿಚ್ ನಮ್ಮದು, ಹೊಸದನ್ನ ನಮ್ಮನ್ನ ಬಿಟ್ಟು ಇನ್ಯಾರು ಕೊಟ್ಟಾರು ಅನ್ನೋ ಧೈರ್ಯ.

2005ರ ಏಪ್ರಿಲ್ 28. ಬಿಟಿ ಎಂಟು ಕಂಪನಿಗಳ ಪಟ್ಟಿ ಹೊರಡಿಸ್ತು. ಅಲ್ಕಾಟೆಲ್, ಸಿಯೆನಾ, ಸಿಸ್ಕೋ, ಎರಿಕ್ಸನ್, ಫುಜಿತ್ಸು, ಹುವಾವೇ, ಲೂಸೆಂಟ್, ಸೀಮೆನ್ಸ್. ಅಷ್ಟೇ. ಕರೆಗಳನ್ನ ನಿಯಂತ್ರಿಸುವ ಮಿದುಳಿನ ಭಾಗ ಸ್ವೀಡನ್ನಿನ ಎರಿಕ್ಸನ್‌ಗೆ. ಮಾರ್ಕೋನಿ ಎಲ್ಲೂ ಇಲ್ಲ. ಒಂದೇ ದಿನದಲ್ಲಿ ಅದರ ಷೇರು ಸುಮಾರು ಶೇ. 40 ಬಿತ್ತು. ಸೋತದ್ದು ಯಂತ್ರದ ಗುಣದಲ್ಲಲ್ಲ, ಬೆಲೆಯಲ್ಲಿ ಅನ್ನೋದು ಆಗಲೇ ಸುದ್ದಿಯಾಯ್ತು.

ಬಿಟಿ ಮೋಸ ಮಾಡಿತು ಅಂತ ನಾನು ಹೇಳಲ್ಲ. 1984ರಲ್ಲಿ ಖಾಸಗಿಯಾದ ಕಂಪನಿ ಅದು. ಕಡಿಮೆ ಬೆಲೆಗೆ ಕೊಳ್ಳೋದು ಅದರ ಕೆಲಸ. ಆದ್ರೆ ನನ್ನ ತಕರಾರು ಬೇರೆ. ಟೆಲಿಫೋನ್ ಸ್ವಿಚ್ ಕೊಳ್ಳೋದು ಫ್ರಿಜ್ ಕೊಂಡ ಹಾಗಲ್ಲ. ಇಪ್ಪತ್ತು ಮೂವತ್ತು ವರ್ಷ ರಿಪೇರಿ, ಸಾಫ್ಟ್‌ವೇರ್, ಬಿಡಿಭಾಗ ಅಂತ ಕೊಟ್ಟವನ ಜೊತೆ ಸಂಸಾರ ಮಾಡಬೇಕು. ಆ ಲೆಕ್ಕ ಬೆಲೆಪಟ್ಟಿಯ ಕೊನೆಯ ಸಾಲಿನಲ್ಲಿ ಕಾಣೋದಿಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ಮಾರ್ಕೋನಿಯ ಬಹುಪಾಲು ವ್ಯವಹಾರ ಮತ್ತು ಹೆಸರು 120 ಕೋಟಿ ಪೌಂಡಿಗೆ ಮಾರಾಟವಾಯ್ತು. ಕೊಂಡದ್ದು ಯಾರು ಗೊತ್ತಾ? ಎರಿಕ್ಸನ್. ಉಳಿದ ತುಂಡು, ಅಂದ್ರೆ ಮುಖ್ಯವಾಗಿ ಬ್ರಿಟನ್ನಿನೊಳಗಿನ ರಿಪೇರಿ ಮತ್ತು ನಿರ್ವಹಣೆ ಕೆಲಸ, ಟೆಲೆಂಟ್ ಅನ್ನೋ ಹೊಸ ಹೆಸರು ಇಟ್ಟುಕೊಂಡಿತು.

ಈಗ ಕಥೆಯ ತಿರುವು. 2006ರ ನವೆಂಬರಿನಲ್ಲಿ ವೇಲ್ಸ್‌ನ ಕಾರ್ಡಿಫ್ ಹತ್ತಿರದ ವಿಕ್ ಅನ್ನೋ ಹಳ್ಳಿಯಲ್ಲಿ ಹೊಸ ಜಾಲಕ್ಕೆ ಮೊದಲ ಮನೆಗಳು ಸೇರಿದವು. ಐದು ವರ್ಷದಲ್ಲಿ ದೇಶವೆಲ್ಲ ಅಂದಿದ್ರು. ಆದ್ರೆ ಕೆಲವೇ ವರ್ಷಗಳಲ್ಲಿ ಮನೆಫೋನುಗಳನ್ನ ಸಾಮೂಹಿಕವಾಗಿ ಬದಲಿಸುವ ಆ ಕೆಲಸವನ್ನ ಬಿಟಿ ಕೈಬಿಟ್ಟಿತು. ಡೇಟಾ ಭಾಗ ಮುಂದುವರಿಯಿತು, ದನಿ ಭಾಗ ನಿಂತಿತು. ಯಾಕೆ ಅಂದ್ರೆ, ಅಜ್ಜಿ ಫೋನಿನಲ್ಲಿ ಮಾತಾಡೋದು ಹಳೆಯ ಸ್ವಿಚ್ಚಿನಲ್ಲೂ ಅಷ್ಟೇ, ಹೊಸದರಲ್ಲೂ ಅಷ್ಟೇ. ಅದಕ್ಕಾಗಿ ಆಕೆ ಒಂದು ಪೆನ್ನಿಯೂ ಹೆಚ್ಚು ಕೊಡೋದಿಲ್ಲ. ಹಾಗಾಗಿ ಹೊರಗೆ ಹಾಕಬೇಕಿದ್ದ ಸಿಸ್ಟಂ ಎಕ್ಸ್ ಅಲ್ಲೇ ಓಡ್ತಾ ಉಳೀತು. ಅದನ್ನ ನೋಡಿಕೊಳ್ಳುವ ಕೆಲಸ? ಟೆಲೆಂಟ್‌ಗೆ.

ಮತ್ತೆ ಕೈ ಹಾಕಿದ್ದು ಈಚೆಗೆ. 2025ರ ಡಿಸೆಂಬರಿಗೆ ಹಳೆಯ ಜಾಲ ಬಂದ್ ಅಂತ ಗಡುವು ಇಟ್ಟರು. ಆಗ ಎದುರಾದದ್ದು ನಾನು ಮೊದಲೇ ಹೇಳಿದ 48 ವೋಲ್ಟ್. ಇಂಟರ್ನೆಟ್ ಫೋನು ಮನೆಯ ರೌಟರಿನಿಂದ ನಡೆಯುತ್ತೆ; ಕರೆಂಟು ಹೋದ್ರೆ, ಬ್ಯಾಟರಿ ಇಟ್ಟುಕೊಳ್ಳದಿದ್ರೆ, ಫೋನೂ ಹೋಯ್ತು. 2022ರ ಬಿರುಗಾಳಿಗಳಲ್ಲಿ ಊರೂರೇ ಕತ್ತಲಾದಾಗ ದೂರುಗಳು ಬಂದು, ಬಿಟಿ ಬದಲಾವಣೆಯನ್ನ ತಡೆಹಿಡಿಯಬೇಕಾಯ್ತು. ಒಂಟಿಯಾಗಿರುವ ವೃದ್ಧರು ಕೊರಳಿಗೆ ಒಂದು ಬಟನ್ ಹಾಕಿಕೊಂಡಿರ್ತಾರೆ; ಬಿದ್ದರೆ ಒತ್ತಬೇಕು, ಫೋನ್ ಲೈನಿನ ಮೂಲಕ ಸಹಾಯಕ್ಕೆ ಕರೆ ಹೋಗುತ್ತೆ. ಅಂಥ ಕರೆಗಳು ಹೊಸ ಲೈನಿನಲ್ಲಿ ಹೋಗದ ಪ್ರಸಂಗಗಳು ನಡೆದ ಮೇಲೆ, 2023ರ ಡಿಸೆಂಬರಿನಲ್ಲಿ ಕಡ್ಡಾಯ ಬದಲಾವಣೆ ಮತ್ತೆ ನಿಂತಿತು. 2024ರಲ್ಲಿ ಗಡುವನ್ನೇ ಮುಂದೂಡಿದ್ರು. ಹೊಸ ತಾರೀಕು 2027ರ ಜನವರಿ 31.