ಜಾಲಿಯ ಗಾಲಿ, ಜಾಲಿಯ ಮುಳ್ಳು

ಸಂಕ್ರಾಂತಿ ದಾಟಿ ಶಿವರಾತ್ರಿ ಸಮೀಪಿಸುತ್ತಿದ್ದಂತೆ ಜತ್ತ, ಮಂಗಳವೇಢೆ, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆಯ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ಕೀಳುವ ಕೆಲಸ ಶುರುವಾಗುತ್ತದೆ. ಈ ಜೋಳವನ್ನು ಸಾಮಾನ್ಯವಾಗಿ ಕುಡುಗೋಲಿನಿಂದ ಕೊಯ್ಯುವುದಿಲ್ಲ, ಬೇರುಸಹಿತ ಕೀಳುತ್ತಾರೆ. ಒಣಗಿದ ಮೇಲೆ ತೆನೆ ಬೇರೆ, ದಂಟು ಬೇರೆ. ಆ ದಂಟೇ ಕಣಕಿ. ಮರಾಠಿ ಬಾಯಲ್ಲಿ ಕಡಬಾ. ಪೆಂಡಿ ಕಟ್ಟಿ ನೂರಕ್ಕೆ ಇಷ್ಟು ಎಂದು ಮಾರುವುದು ಎರಡೂ ಭಾಷೆಯವರ ವಾಡಿಕೆ.

ಹೊರಗಿನವರಿಗೆ ಒಣ ದಂಟು ಅನ್ನಿಸಬಹುದು. ನಮ್ಮ ಭಾಗದ ಒಕ್ಕಲಿಗನಿಗೆ ಅದು ಅರ್ಧ ಬೆಳೆ. ಸೊಲ್ಲಾಪುರ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದ ಮಾಲದಂಡಿ 35-1 ಎಂಬ ತಳಿ ಇಂದಿಗೂ ಇಲ್ಲಿ ಉಳಿದುಕೊಂಡಿರುವುದಕ್ಕೆ ಬಿಳಿಯ ರೊಟ್ಟಿಯಷ್ಟೇ ಅದರ ಕಣಕಿಯೂ ಕಾರಣ. ಮುಂದೆ ಬಂದ ಹೈಬ್ರಿಡ್ ಜೋಳಗಳು ಕಾಳು ಹೆಚ್ಚು ಕೊಟ್ಟರೂ ದನ ಒಪ್ಪುವ ಮೇವು ಕೊಡಲಿಲ್ಲ. ಬಣವಿ ದೊಡ್ಡದಿದ್ದ ಮನೆಗೆ ಹೆಣ್ಣು ಕೊಡಲು ಹಿರಿಯರು ಯೋಚಿಸುತ್ತಿರಲಿಲ್ಲ ಎಂಬ ಮಾತು ಬರೀ ತಮಾಷೆಯಲ್ಲ. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಸೊಲ್ಲಾಪುರ, ಕಲಾದಗಿ ಜಿಲ್ಲೆಗಳಲ್ಲಿ ಮನುಷ್ಯರಂತೆ ದನಗಳೂ ಲೆಕ್ಕವಿಲ್ಲದಷ್ಟು ಸತ್ತವು. 1972ರ ಬರವನ್ನು ಕಂಡವರು ಇನ್ನೂ ನಮ್ಮ ಊರುಗಳಲ್ಲಿದ್ದಾರೆ. ಅವರನ್ನು ಕೇಳಿದರೆ ಮೊದಲು ಹೇಳುವುದು ಕಾಳಿನ ಕಥೆಯನ್ನಲ್ಲ, ಮೇವಿನ ಕಥೆಯನ್ನು.

ಇಷ್ಟು ಬೆಲೆಬಾಳುವ ಕಣಕಿ ಹೊಲದಿಂದ ಮನೆಗೆ ಬರಬೇಕಾದದ್ದು ಬಂಡಿಯ ಮೇಲೆ. ಅದೂ ಕೆಲವೇ ವಾರಗಳಲ್ಲಿ. ಹೊಲದಲ್ಲಿ ಬಿದ್ದ ಕಣಕಿಯ ಮೇಲೆ ಒಂದು ಅಕಾಲ ಮಳೆ ಬಿದ್ದರೆ ಸಾಕು, ದಂಟು ಕಪ್ಪಾಗಿ ಬೂಸಲು ಹಿಡಿಯುತ್ತದೆ, ದನ ಮೂಸಿ ನೋಡಿ ಬಿಡುತ್ತದೆ. 2014ರ ಫೆಬ್ರುವರಿ–ಮಾರ್ಚಿನಲ್ಲಿ ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದಲ್ಲೂ ಆಲಿಕಲ್ಲು ಸುರಿದದ್ದು ಸರಿಯಾಗಿ ಈ ಹೊತ್ತಿಗೇ. ಆದ್ದರಿಂದ ಬಂಡಿ ಕೆಡಬಾರದ ಕಾಲವೊಂದಿದ್ದರೆ ಅದು ಇದು. ವಿಚಿತ್ರವೆಂದರೆ ಬಂಡಿ ಹೆಚ್ಚಾಗಿ ಕೆಡುತ್ತಿದ್ದದ್ದೂ ಇದೇ ಕಾಲದಲ್ಲಿ. ಕಟ್ಟಿಗೆಯ ಗಾಲಿಯ ಕಾಲದಲ್ಲಿ ಹಾಗೆ, ರಬ್ಬರಿನ ಟಾಯರಿನ ಕಾಲದಲ್ಲೂ ಹಾಗೆಯೇ. ಕಾರಣಗಳು ಮಾತ್ರ ಬೇರೆ ಬೇರೆ.

ಮೊದಲು ಕಟ್ಟಿಗೆಯ ಗಾಲಿ. ಹಳೆಯ ಚಕ್ಕಡಿಯ ಗಾಲಿ ಒಂದೇ ತುಂಡಿನದಲ್ಲ. ನಡುವೆ ಗುಂಬ, ಅದರಿಂದ ಹೊರಟ ಅರೆಕಾಲುಗಳು, ಅರೆಕಾಲುಗಳ ತುದಿಗೆ ಬಾಗಿದ ಕಟ್ಟಿಗೆಯ ತುಂಡುಗಳನ್ನು ಜೋಡಿಸಿದ ಸುತ್ತು, ಆ ಸುತ್ತಿನ ಮೇಲೆ ಕಬ್ಬಿಣದ ಹಳಿ. ಗುಂಬದ ತೂತಿನಲ್ಲಿ ಅಚ್ಚು, ಗಾಲಿ ಕಳಚದಂತೆ ಅಚ್ಚಿನ ತುದಿಗೆ ಕೀಲು. ದಖ್ಖನಿನಲ್ಲಿ ಗಾಲಿಗೆ ಹೆಚ್ಚು ಬಳಕೆಯಾದ ಕಟ್ಟಿಗೆ ಜಾಲಿಯದು. ಗಟ್ಟಿ, ಭಾರ, ಪೆಟ್ಟು ತಾಳುತ್ತದೆ, ಹೊಲದ ಬದುವಿನಲ್ಲಿ ಯಾರೂ ನೆಡದೆ ಬೆಳೆಯುತ್ತದೆ.

ಹಳಿ ಏರಿಸುವ ಕೆಲಸವನ್ನು ನೋಡಿದವರಿಗೆ ಏಳನೆಯ ತರಗತಿಯ ವಿಜ್ಞಾನದ ಒಂದು ಪಾಠ ಕಲಿಸುವ ಅಗತ್ಯವಿರಲಿಲ್ಲ. ಗಾಲಿಯ ಸುತ್ತಳತೆಗಿಂತ ಹಳಿಯನ್ನು ತುಸು ಸಣ್ಣದಾಗಿ ಬೆಸೆಯುತ್ತಾರೆ. ಸುತ್ತಲೂ ಕುಳ್ಳು ಪೇರಿಸಿ ಬೆಂಕಿ ಹಚ್ಚಿ ಕೆಂಪಗೆ ಕಾಯಿಸುತ್ತಾರೆ. ಕಾದ ಹಳಿ ಹಿಗ್ಗುತ್ತದೆ. ಇಕ್ಕಳದಿಂದ ಎತ್ತಿ ಗಾಲಿಯ ಮೇಲಿಟ್ಟು ಬಡಿದು ಕೂರಿಸಿ ಒಮ್ಮೆಲೇ ನೀರು ಸುರಿಯುತ್ತಾರೆ. ಹಳಿ ಕುಗ್ಗಿ ಅರೆಕಾಲು, ಗುಂಬ ಎಲ್ಲವನ್ನೂ ಒಂದಾಗಿ ಬಿಗಿಯುತ್ತದೆ. ಮೊಳೆ ಇದ್ದರೂ ನಡೆದೀತು, ಇಲ್ಲದಿದ್ದರೂ ನಡೆದೀತು. ಗಾಲಿಯನ್ನು ಹಿಡಿದಿರುವುದು ಆ ಬಿಗಿತ.

ಕಣಕಿ ಹೇರುವ ಕಾಲದಲ್ಲಿ ಸಡಿಲವಾಗುತ್ತಿದ್ದದ್ದು ಅದೇ. ಫೆಬ್ರುವರಿ ಕಳೆದರೆ ನಮ್ಮ ಕಡೆ ಗಾಳಿಯಲ್ಲಿ ಪಸೆ ಇರುವುದಿಲ್ಲ. ಕಟ್ಟಿಗೆ ಒಣಗಿ ಕುಗ್ಗುತ್ತದೆ. ಬಿಸಿಲಿಗೆ ಕಬ್ಬಿಣ, ಸ್ವಲ್ಪವೇ ಆದರೂ, ಹಿಗ್ಗುತ್ತದೆ. ಎರೆ ಹೊಲದಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ. ಆಳೆತ್ತರ ಪೆಂಡಿ ಹೇರಿದ ಬಂಡಿಯ ಒಂದು ಗಾಲಿ ಆ ಬಿರುಕಿಗೆ ಇಳಿದರೆ ಭಾರವೆಲ್ಲ ಒಂದೇ ಕಡೆ ವಾಲಿ ಅರೆಕಾಲು ಮುರಿಯಬಹುದು, ಅಚ್ಚು ಮುರಿಯಬಹುದು, ಹಳಿ ಕಳಚಿ ಉರುಳಬಹುದು. ಇದನ್ನು ತಿಳಿದೇ ರೈತರು ರಾತ್ರಿ ಗಾಲಿ ಬಿಚ್ಚಿ ಹಳ್ಳದ ನೀರಿನಲ್ಲಿ ಕೆಡವುತ್ತಿದ್ದರು. ನೀರು ಕುಡಿದ ಕಟ್ಟಿಗೆ ಉಬ್ಬಿ ಹಳಿಗೆ ಬಿಗಿಯುತ್ತಿತ್ತು. ಹಳ್ಳ ಬತ್ತಿದ ವರ್ಷ ಹಳಿಗೂ ಕಟ್ಟಿಗೆಗೂ ನಡುವಿನ ಸಂದಿಗೆ ಬೆಣೆ ಬಡಿಯುವುದು. ಅದು ಎರಡು ದಿನದ ಮಾತು.

ನಿಜವಾಗಿ ಮುರಿದರೆ ಬಡಿಗ ಮತ್ತು ಕಮ್ಮಾರ. ಇಬ್ಬರೂ ಊರಿನ ಆಯಗಾರರು. ಮರಾಠಿಯಲ್ಲಿ ಬಲುತೇದಾರರು. ರಾಶಿ ಆದಾಗ ಕಣದಲ್ಲಿ ಅವರ ಪಾಲಿನ ಕಾಳು ಅಳೆದು ಕೊಟ್ಟುಬಿಟ್ಟರೆ ವರ್ಷವಿಡೀ ಕುಂಟೆ, ಕೂರಿಗೆ, ಗಾಲಿಯ ರಿಪೇರಿ ಅವರದು. ಕೈಯಲ್ಲಿ ರೊಕ್ಕ ಇಲ್ಲ ಎಂಬ ಕಾರಣಕ್ಕೆ ಬಂಡಿ ನಿಲ್ಲುತ್ತಿರಲಿಲ್ಲ. ಇದನ್ನು ಬರೆಯುವಾಗ ಹಿಂದಿನದೆಲ್ಲ ಚೆಂದವಿತ್ತು ಎಂದು ಹಾಡುವ ಮನಸ್ಸು ನನಗಿಲ್ಲ. ಆಯದ ಪದ್ಧತಿ ಜಾತಿಗೆ ಕಟ್ಟಿದ ಪದ್ಧತಿ. ದೊಡ್ಡ ಒಕ್ಕಲುತನದವನ ಗಾಲಿ ಮೊದಲು, ಎರಡು ಎಕರೆಯವನ ಗಾಲಿ ಆಮೇಲೆ. ಬರ ಬಿದ್ದರೆ ಬಡಿಗನ ಪಾಲಿಗೂ ಕಾಳು ಇಲ್ಲ. ಆದರೆ ರಿಪೇರಿಗೆ ಬೇಕಾದ ಕಟ್ಟಿಗೆ, ಕೈ, ವಿದ್ಯೆ ಮೂರೂ ಊರೊಳಗೇ ಇದ್ದವು ಎಂಬುದೂ ಅಷ್ಟೇ ನಿಜ.

ಗಾಳಿ ತುಂಬಿದ ಟಾಯರ್ ಮೊದಲು ಹುಟ್ಟಿದ್ದು ಇಂಥ ಬಂಡಿಗಳಿಗಲ್ಲ. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದರೂ ಅದು ಬಳಕೆಯಲ್ಲಿ ನಿಲ್ಲಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನಲ್ಲಿದ್ದ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನು ಮತ್ತೆ ಕಂಡುಹಿಡಿದ. ಅಂದಹಾಗೆ ಡನ್ಲಪ್ ವೃತ್ತಿಯಿಂದ ಪಶುವೈದ್ಯ. ಎತ್ತಿನ ಹೆಗಲ ಭಾರ ಮುಂದೆ ಇಳಿಸಿದ ವಸ್ತು ದನದ ಡಾಕ್ಟರೊಬ್ಬನ ಕೈಯಿಂದ ಬಂದದ್ದು ಕಾಕತಾಳೀಯವೇ ಇರಬಹುದು, ಆದರೂ ಮಕ್ಕಳಿಗೆ ಹೇಳಲು ನನಗೆ ಇಷ್ಟ.

ಹೊಲಕ್ಕೆ ರಬ್ಬರ್ ಇಳಿಯಲು ಇನ್ನೂ ನಲವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಅಮೆರಿಕದಲ್ಲಿ ಸಹ ಟ್ರ್ಯಾಕ್ಟರುಗಳು ಮುಳ್ಳುಹಲ್ಲಿನ ಉಕ್ಕಿನ ಗಾಲಿಗಳ ಮೇಲೇ ಓಡುತ್ತಿದ್ದವು. 1932ರಲ್ಲಿ ಫೈರ್‌ಸ್ಟೋನ್ ಮತ್ತು ಅಲಿಸ್-ಚಾಮರ್ಸ್ ಕಂಪನಿಗಳು ಸೇರಿ ಗಾಳಿ ತುಂಬಿದ ಟಾಯರನ್ನು ಟ್ರ್ಯಾಕ್ಟರಿಗೆ ತಂದವು. ಹತ್ತೇ ವರ್ಷದಲ್ಲಿ, 1942ರಲ್ಲಿ ಜಪಾನು ಮಲಯವನ್ನು ಹಿಡಿದು ರಬ್ಬರ್ ಸಿಗದಂತಾದಾಗ, ಅಲ್ಲಿನ ಎಷ್ಟೋ ಹೊಸ ಟ್ರ್ಯಾಕ್ಟರುಗಳು ಮತ್ತೆ ಉಕ್ಕಿನ ಗಾಲಿಯಲ್ಲೇ ಹೊರಬಂದವು. ದೂರದ ತೋಟದ ರಬ್ಬರ್ ನಿಂತರೆ ಹತ್ತಿರದ ಹೊಲದ ಕೆಲಸ ನಿಲ್ಲುತ್ತದೆ ಎಂಬುದು ಶ್ರೀಮಂತ ದೇಶದ ರೈತನಿಗೂ ಗೊತ್ತಾದದ್ದು ಆಗ.

ಭಾರತದಲ್ಲಿ ಡನ್ಲಪ್ ಕಂಪನಿಯ ಕಾರ್ಖಾನೆ ಬಂಗಾಳದ ಸಾಹಾಗಂಜಿನಲ್ಲಿ 1936ರಲ್ಲಿ ಶುರುವಾಯಿತು. ಎತ್ತಿನ ಬಂಡಿಗೆ ರಬ್ಬರ್ ಟಾಯರ್ ಬಂದದ್ದೂ ಆ ದಶಕದಲ್ಲೇ. ಹಲವು ಕಡೆ ಕಂಪನಿಯ ಹೆಸರೇ ಬಂಡಿಯ ಹೆಸರಾಗಿ ಡನ್ಲಪ್ ಗಾಡಿ ಎಂದಾಯಿತು. ನಮ್ಮಲ್ಲಿ ಸರಳವಾಗಿ ಟಾಯರ್ ಗಾಡಿ. ಇದಕ್ಕೆ ಒತ್ತಾಸೆಯಾದವರಲ್ಲಿ ರಸ್ತೆ ಇಲಾಖೆಯವರೂ ಇದ್ದರು. ಕಬ್ಬಿಣದ ಹಳಿ ಖಡಿ ರಸ್ತೆಯನ್ನು ಕೊರೆದು ಹಾಳುಮಾಡುತ್ತದೆ ಎಂಬುದು ಅವರ ದೂರು.

ಬಂಡಿಯ ಬಗ್ಗೆ ಹಟ ಹಿಡಿದು ಮಾತಾಡಿದ ಒಬ್ಬರನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ. ದೊಡ್ಡ ಕಂಪನಿಗಳ ಆಡಳಿತ ಕಲಿಸುವ ಸಂಸ್ಥೆಯ ಮುಖ್ಯಸ್ಥರು 1970ರ ದಶಕದಲ್ಲಿ ಎತ್ತಿನ ಬಂಡಿಯ ಲೆಕ್ಕ ಹಾಕಲು ಕುಳಿತರು. ದೇಶದಲ್ಲಿ ಒಂದು ಕೋಟಿಗೂ ಮೀರಿ ಬಂಡಿಗಳಿವೆ, ರೈಲಿನಷ್ಟೇ ಗಂಭೀರವಾಗಿ ಇದನ್ನೂ ಸಾರಿಗೆಯೆಂದು ನೋಡಿ, ನೊಗ ಸುಧಾರಿಸಿ, ಗಾಲಿ ಸುಧಾರಿಸಿ, ಎತ್ತಿನ ಹೆಗಲ ಹುಣ್ಣು ತಪ್ಪಿಸಿ ಎಂಬುದು ಅವರ ವಾದ. ಅವರು ಹೇಳಿದಷ್ಟು ಆಗಲಿಲ್ಲ.

ನಮ್ಮ ಭಾಗಕ್ಕೆ ಟಾಯರ್ ಗಾಡಿ ದಂಡಿಯಾಗಿ ಬಂದದ್ದು ಯಾವ ಯೋಜನೆಯಿಂದಲೂ ಅಲ್ಲ, ಕಬ್ಬಿನಿಂದ. 1950ರಲ್ಲಿ ಪ್ರವರಾನಗರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಶುರುವಾಯಿತು. ಆಮೇಲೆ ಸಾಂಗಲಿ, ಕೊಲ್ಹಾಪುರ, ಸೊಲ್ಲಾಪುರ ಜಿಲ್ಲೆಗಳಲ್ಲಿ ಒಂದರ ಹಿಂದೊಂದು ಎದ್ದವು. ಕಬ್ಬು ಸಾಗಿಸಲು ಟಾಯರ್ ಗಾಡಿ ಬೇಕಾಯಿತು. ಎಷ್ಟೋ ಕಡೆ ಗಾಡಿ ಕಾರ್ಖಾನೆಯದು, ಎತ್ತು ಕಬ್ಬು ಕಡಿಯುವವನದು. ಜತ್ತ ತಾಲೂಕಿನ ಒಣ ಊರುಗಳಿಂದ ದೀಪಾವಳಿ ಮುಗಿಯುತ್ತಲೇ ಕುಟುಂಬಗಳು ಎತ್ತುಗಳ ಸಮೇತ ಹೊರಡುವುದನ್ನು, ಅವರೊಂದಿಗೆ ಹಾಜರಿ ಪುಸ್ತಕದಿಂದ ಹೆಸರುಗಳು ಖಾಲಿಯಾಗುವುದನ್ನು ಗಡಿ ಶಾಲೆಗಳ ಶಿಕ್ಷಕರಿಗೆ ವಿವರಿಸಬೇಕಿಲ್ಲ. ಆ ಗಾಡಿಯ ರುಚಿ ಹತ್ತಿದ ಮೇಲೆ ಊರಿನಲ್ಲೂ ಹಳಿಯ ಗಾಲಿ ಹಿಂದೆ ಬಿತ್ತು. ಭಾರ ಹೆಚ್ಚು ಹೇರಬಹುದು, ಮೆದು ಮಣ್ಣಿನಲ್ಲಿ ಹುಗಿಯುವುದಿಲ್ಲ, ಎತ್ತಿಗೆ ಜಗ್ಗಾಟ ಕಡಿಮೆ. ಬೇರಿಂಗ್ ಇರುವುದರಿಂದ ಕೀಲೆಣ್ಣೆಯ ಡಬ್ಬಿ ಬಂಡಿಯ ಅಡಿಯಲ್ಲಿ ತೂಗುವುದೂ ನಿಂತಿತು.

ಆದರೆ ಟಾಯರಿಗೆ ಹೊಸ ಶತ್ರು ಕಾದಿತ್ತು, ಜಾಲಿ. ಗಾಲಿಗೆ ಕಟ್ಟಿಗೆ ಕೊಟ್ಟ ಮರವೇ. ಕಬ್ಬಿಣದ ಹಳಿಗೆ ಜಾಲಿ ಮುಳ್ಳೆಂದರೆ ಹುಡಿ ಮಾಡಿ ಮುಂದೆ ಹೋಗುವ ವಸ್ತು. ಟ್ಯೂಬಿಗೆ ಅದೇ ಮೃತ್ಯು. ಸಾಲದ್ದಕ್ಕೆ ಬಳ್ಳಾರಿ ಜಾಲಿ. ಇದು ನಮ್ಮ ನೆಲದ್ದಲ್ಲ, 1870ರ ದಶಕದಲ್ಲಿ ಭಾರತಕ್ಕೆ ತಂದ ಅಮೆರಿಕಾ ಖಂಡದ ಗಿಡ. ಮರಾಠಿಯಲ್ಲಿ ವೇಡಿ ಬಾಭಳ, ಅಂದರೆ ಹುಚ್ಚು ಜಾಲಿ ಎನ್ನುತ್ತಾರೆ. ಹೆಸರು ಇಟ್ಟವರು ಬಲ್ಲವರು. ಹಳ್ಳದ ದಂಡೆ, ಬಂಡಿ ದಾರಿ, ಬೀಳು ಹೊಲ ಎಲ್ಲೆಡೆ ಹಬ್ಬಿದೆ. ಸುಗ್ಗಿಗೆ ಮುಂಚೆ ಬೇಲಿಗೆಂದು ಕಡಿದು ಎಳೆದೊಯ್ದ ಕೊಂಬೆಯ ಮುಳ್ಳು ದಾರಿಯ ಧೂಳಿನಲ್ಲಿ ಕಾಣದಂತೆ ಬಿದ್ದಿರುತ್ತದೆ. ಸರಿಯಾಗಿ ಆಗಲೇ ಕಣಕಿ ಬಂಡಿ ಬರುವುದು.

ಇನ್ನೊಂದು ತೊಗರಿ ಕೂಳೆ. ಅಕ್ಕಲಕೋಟೆಯಿಂದ ಕಲಬುರಗಿಯವರೆಗೆ ತೊಗರಿಯ ನಾಡು. ಓರೆಯಾಗಿ ಕೊಯ್ದ ತೊಗರಿ ಕಟ್ಟಿಗೆಯ ಬುಡ ಒಣಗಿದ ಮೇಲೆ ಚಾಣದಂತಿರುತ್ತದೆ. ಬಂಡಿಯ ಟಾಯರನ್ನೇನು, ಟ್ರ್ಯಾಕ್ಟರಿನ ಟಾಯರನ್ನೂ ಸೀಳುತ್ತದೆ. ಮುಳ್ಳಿನ ತೂತಿಗೆ ಪ್ಯಾಚ್ ಇದೆ, ಪಕ್ಕ ಸೀಳಿದ ಟಾಯರಿಗೆ ಪ್ಯಾಚ್ ಇಲ್ಲ. ಒಳಗೆ ಹಳೆಯ ಟಾಯರಿನ ತುಂಡು ಇಟ್ಟು ಕೆಲ ದಿನ ದೂಡಬಹುದು. ಗಾಳಿ ಕಡಿಮೆಯಾದ ಟಾಯರಿನ ಮೇಲೇ ಊರು ಮುಟ್ಟಿಸಿಬಿಡೋಣ ಎಂದು ಹೊಡೆದರೆ ರಿಮ್ಮಿನ ಮೇಲೆ ಟಾಯರ್ ಜಾರಿ ಟ್ಯೂಬಿನ ವಾಲ್ವ್ ಬುಡದಲ್ಲೇ ಕಿತ್ತುಬರುತ್ತದೆ. ಆಗ ಸಣ್ಣ ಖರ್ಚಿನ ಮುಳ್ಳಿನ ಕೆಲಸ ಹೊಸ ಟ್ಯೂಬಿನ ಖರ್ಚಾಗುತ್ತದೆ.

ರಿಪೇರಿಯ ದಾರಿಯೂ ಬದಲಾಯಿತು. ಕಣಕಿ ಇಳಿಸಿ, ಎತ್ತು ಬಿಚ್ಚಿ, ಬಂಡಿಗೆ ಕಲ್ಲು ಕೊಟ್ಟು, ಗಾಲಿ ಕಳಚಿ ಮೋಟರ್‌ಸೈಕಲ್ಲಿನ ಹಿಂದೆ ಕಟ್ಟಿಕೊಂಡು ರಸ್ತೆಗೆ, ಕೂಟಿನ ಪಂಚರ್ ಅಂಗಡಿಗೆ. ಟಾಮಿ ಹಾಕಿ ಟಾಯರ್ ಬಿಚ್ಚಿ, ಟ್ಯೂಬಿಗೆ ಗಾಳಿ ತುಂಬಿ ನೀರಿನ ಬಾಣಲೆಯಲ್ಲಿ ಮುಳುಗಿಸಿ ಗುಳ್ಳೆ ಏಳುವ ಜಾಗ ಹುಡುಕಿ, ಉಜ್ಜಿ, ಸೊಲ್ಯೂಶನ್ ಹಚ್ಚಿ ಪ್ಯಾಚ್ ಒತ್ತುವವನು ಕಾಳಿಗೆ ಕೆಲಸ ಮಾಡುವ ಆಯಗಾರನಲ್ಲ. ರೊಕ್ಕ ಕೈಮೇಲೆ ಇಡಬೇಕು. ಅವನ ಕಸುಬೂ ಸಣ್ಣದಲ್ಲ. ಎಲ್ಲಾ ಜಾತಿಯ ಹುಡುಗರೂ ಕಲಿಯಬಹುದಾದ ಕೆಲಸ ಅದು, ಬಡಿಗತನ ಹಾಗಿರಲಿಲ್ಲ. ನಾನು ಇದನ್ನು ಲಾಭದ ಕಡೆಗೇ ಬರೆದುಕೊಳ್ಳುತ್ತೇನೆ. ನಷ್ಟದ ಕಡೆಗೆ ಬರೆಯಬೇಕಾದದ್ದು ಇದು: ಸುಗ್ಗಿಯ ನಡುವೆ, ಜೋಳ ಇನ್ನೂ ಮಾರದ ಹೊತ್ತಿನಲ್ಲಿ, ಟಾಯರ್ ಹೋದರೆ ಎರಡೆತ್ತಿನ ರೈತ ಸಾಲ ಕೇಳಬೇಕಾಗುತ್ತದೆ ಅಥವಾ ಹೊಲದಲ್ಲೇ ಪೆಂಡಿ ಮಾರಿಬಿಡಬೇಕಾಗುತ್ತದೆ. ಹೊಲದಲ್ಲಿ ಮಾರಿದ ಕಣಕಿಯನ್ನೇ ಮೇ ತಿಂಗಳಲ್ಲಿ ಹೆಚ್ಚಿನ ದರಕ್ಕೆ ಕೊಳ್ಳುವ ಮನೆಗಳು ಎಲ್ಲ ಊರಿನಲ್ಲೂ ಇವೆ.

ಈಗ ಎತ್ತುಗಳೇ ಕಡಿಮೆ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಒಂದೇ ದಿನಕ್ಕೆ ಬಣವಿ ಮನೆಗೆ ಬರುತ್ತದೆ. ಬಾಡಿಗೆಯವನಿಗೆ ಹತ್ತು ಹೊಲದ ಸರದಿ. ಒಂದು ದೊಡ್ಡ ಟಾಯರ್ ಸೀಳಿದರೆ ಹತ್ತೂ ಹೊಲದ ಕಣಕಿ ಕಾಯಬೇಕು. ಹಿಂದೆ ಒಬ್ಬನ ಗಾಲಿ ಮುರಿದರೆ ಪಕ್ಕದವನ ಬಂಡಿ ಇತ್ತು.

ಮಾತುಗಳೂ ಗಾಲಿಯ ಜೊತೆ ಹೋಗುತ್ತಿವೆ. ನಾವು ಅಚ್ಚು ಎನ್ನುವುದನ್ನು ಮರಾಠಿಯವರು ಆಸ ಎನ್ನುತ್ತಾರೆ, ಹಳಿಯನ್ನು ಧಾವ ಎನ್ನುತ್ತಾರೆ. ಒಂದೇ ಓಣಿಯಲ್ಲಿ ಎರಡೂ ಕೇಳುತ್ತಿದ್ದವು. ಈಗಿನ ಮಕ್ಕಳ ಬಾಯಲ್ಲಿ ಎರಡೂ ಇಲ್ಲ; ರಿಮ್, ಬೇರಿಂಗ್, ಟ್ಯೂಬ್ ಇವೆ, ಅವಕ್ಕೆ ಗಡಿ ಇಲ್ಲ. ನಮ್ಮ ಶಾಲೆಗಳ ಮಕ್ಕಳಿಗೆ ಸ್ಥಳೀಯ ಇತಿಹಾಸದ ಚಟುವಟಿಕೆ ಕೊಡುವ ಶಿಕ್ಷಕ ಮಿತ್ರರು ಊರಿನ ಹಳೆಯ ಬಡಿಗರಿಂದ ಗಾಲಿಯ ಭಾಗಗಳ ಹೆಸರನ್ನು ಎರಡೂ ಭಾಷೆಯಲ್ಲಿ ಬರೆದು ತರಲು ಹೇಳಬಹುದು. ಒಂದೊಂದು ಊರಿಗೆ ಒಂದೊಂದು ಹೆಸರು ಸಿಕ್ಕೀತು. ಜೊತೆಗೆ ಮನೆಯ ಬಣವಿಯ ಮೇಲೆಯೂ ಕಣ್ಣು ಹಾಯಿಸಲಿ. ಮಳೆಗೆ ಹೊದಿಸಿದ ತಾಡಪತ್ರಿ ಗಾಳಿಗೆ ಹಾರದಂತೆ ಅದರ ಮೇಲೆ ಭಾರಕ್ಕೆಂದು ಇಟ್ಟಿರುವುದು ಹಲವು ಮನೆಗಳಲ್ಲಿ ಸವೆದ, ಸೀಳಿದ, ಇನ್ನು ರಿಪೇರಿಯಾಗದ ಗಾಡಿಯ ಟಾಯರೇ.