ಮನೆಯ ಮೇಲೆ ಡಿಶ್ ಆಂಟೆನಾ: ಹಕ್ಕು ಎಷ್ಟು, ಹೊಣೆ ಏನು?

ಬೋವಿಕಾನ: ಚೆರ್ಕಳ-ಜಾಲ್ಸೂರು ರಸ್ತೆಯ ಬೋವಿಕಾನ ಪೇಟೆಯಲ್ಲೂ ಮುಳಿಯಾರು ಪಂಚಾಯತಿನ ಒಳಭಾಗಗಳಲ್ಲೂ ಕನ್ನಡ, ಮಲಯಾಳ ಎರಡನ್ನೂ ಬಲ್ಲ ಮನೆಗಳು ಸಾಕಷ್ಟಿವೆ. ಇಂತಹ ಮನೆಯೊಳಗೆ ಯಾವ ಭಾಷೆಯ ವಾರ್ತೆ ಕೇಳಿಸುತ್ತದೆ ಎಂಬುದು ಹಲವು ಸಲ ಮಾಡಿನ ಮೇಲೆ ಯಾವ ಆಂಟೆನಾ ಇದೆ ಎಂಬುದನ್ನು ಹೊಂದಿಕೊಂಡಿರುತ್ತದೆ. ಡಿಶ್ ಇಡಲು ಯಾರ ಅನುಮತಿ ಬೇಕು, ಬಾಡಿಗೆ ಮನೆಯ ಯಜಮಾನರು ಬೇಡವೆಂದರೆ ಏನು ದಾರಿ, ಪಕ್ಕದ ತೋಟದ ಮರ ಅಡ್ಡ ಬಂದರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗಳಿಗೆ ಸಂಬಂಧಿಸಿದ ಮುಖ್ಯ ಕಾನೂನು ಮಾಹಿತಿ ಇಲ್ಲಿದೆ.

ಲೈಸೆನ್ಸ್ ಇದ್ದ ಕಾಲ

ಒಂದು ಕಾಲದಲ್ಲಿ ರೇಡಿಯೋ, ಟಿ.ವಿ. ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಲೈಸೆನ್ಸ್ ಪಡೆಯಬೇಕಿತ್ತು. 1980ರ ದಶಕದ ಮಧ್ಯಭಾಗದಲ್ಲಿ ಈ ಪದ್ಧತಿ ರದ್ದಾಯಿತು. ನೇರವಾಗಿ ಮನೆಗೆ ಬರುವ ಉಪಗ್ರಹ ಪ್ರಸಾರಕ್ಕೆ, ಅಂದರೆ ಡಿಟಿಎಚ್‌ಗೆ, ಕೇಂದ್ರ ಸರಕಾರ 1997ರ ಜುಲೈನಲ್ಲಿ ನಿಷೇಧ ಹೇರಿತ್ತು. 2001ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಹೊರಡಿಸಿ ಅದಕ್ಕೆ ಅವಕಾಶ ನೀಡಲಾಯಿತು. 2003ರಲ್ಲಿ ಮೊದಲ ಖಾಸಗಿ ಸೇವೆ ಆರಂಭವಾಯಿತು. 2004ರ ಡಿಸೆಂಬರ್‌ನಲ್ಲಿ ದೂರದರ್ಶನದ ಉಚಿತ ಸೇವೆ ಬಂತು. ಅದೇ ಇಂದಿನ ಡಿಡಿ ಫ್ರೀ ಡಿಶ್. ಈ ವ್ಯವಸ್ಥೆಯಲ್ಲಿ ಲೈಸೆನ್ಸ್ ಪಡೆಯಬೇಕಾದದ್ದು ಸೇವೆ ಕೊಡುವ ಸಂಸ್ಥೆ. ಡಿಶ್ ಇಟ್ಟು ನೋಡುವ ಮನೆಯವರಿಗೆ ಲೈಸೆನ್ಸ್ ಬೇಕಿಲ್ಲ.

ಎತ್ತರದ ಪೈಪಿಗೆ ಕಟ್ಟುತ್ತಿದ್ದ ಹಳೆಯ ಆಂಟೆನಾದ ಕಾಲ ಹೆಚ್ಚುಕಡಿಮೆ ಮುಗಿದಿದೆ. ಆಯಕಟ್ಟಿನ ಸುಮಾರು 50 ಟ್ರಾನ್ಸ್‌ಮಿಟರ್‌ಗಳನ್ನು ಬಿಟ್ಟು ಉಳಿದ ಅನಲಾಗ್ ಭೂತಲ ಪ್ರಸಾರವನ್ನು 2022ರ ಮಾರ್ಚ್ ಒಳಗೆ ನಿಲ್ಲಿಸುವುದಾಗಿ ಪ್ರಸಾರ ಭಾರತಿ 2021ರಲ್ಲಿ ಪ್ರಕಟಿಸಿತ್ತು. ತಿಂಗಳ ಶುಲ್ಕ ಕೊಡದೆ ಚಂದನ ವಾಹಿನಿ ನೋಡಬಯಸುವ ಮನೆಗೆ ಈಗ ಡಿಶ್ ಒಂದು ಮುಖ್ಯ ದಾರಿ.

ಸಂವಿಧಾನ ಏನು ಹೇಳುತ್ತದೆ?

ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರ ಫೆಬ್ರವರಿ 9ರಂದು ನೀಡಿದ ತೀರ್ಪು ಇಲ್ಲಿ ಮುಖ್ಯ. ಪ್ರಸಾರದ ಅಲೆಗಳು ಸಾರ್ವಜನಿಕ ಸ್ವತ್ತು. ಮಾಹಿತಿ ನೀಡುವುದು ಮಾತ್ರವಲ್ಲ, ಮಾಹಿತಿ ಪಡೆಯುವುದೂ 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯದಲ್ಲಿ ಸೇರಿದೆ ಎಂದು ನ್ಯಾಯಾಲಯ ಹೇಳಿತು. ತನ್ನದೇ ಭಾಷೆಯುಳ್ಳ ಜನವರ್ಗಕ್ಕೆ ಅದನ್ನು ಉಳಿಸಿಕೊಳ್ಳುವ ಹಕ್ಕನ್ನು 29ನೇ ವಿಧಿ ಕೊಡುತ್ತದೆ. ಆದರೆ ಇವು ಮುಖ್ಯವಾಗಿ ಸರಕಾರದ ವಿರುದ್ಧ ಇರುವ ಹಕ್ಕುಗಳು ಎಂಬುದನ್ನು ಮರೆಯಬಾರದು. ಮನೆ ಯಜಮಾನ ಮತ್ತು ಬಾಡಿಗೆದಾರರ ನಡುವಿನ ತಕರಾರಿಗೆ ಅನ್ವಯಿಸುವುದು ಆಸ್ತಿ ಕಾನೂನು ಮತ್ತು ಬಾಡಿಗೆ ಕರಾರು.

ಬಾಡಿಗೆ ಮನೆ, ಫ್ಲಾಟ್

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ ಯಜಮಾನರ ಒಪ್ಪಿಗೆಯಿಲ್ಲದೆ ಬಾಡಿಗೆದಾರರು ಶಾಶ್ವತ ಕಟ್ಟಡ ಕಟ್ಟುವಂತಿಲ್ಲ. ಆದರೆ ತಾವು ಜೋಡಿಸಿದ ವಸ್ತುಗಳನ್ನು ಬಿಟ್ಟು ಹೋಗುವಾಗ ಕೊಂಡೊಯ್ಯಬಹುದು. ಮನೆ ಮೊದಲಿದ್ದ ಸ್ಥಿತಿಯಲ್ಲೇ ಇರಬೇಕು ಎಂಬುದು ಷರತ್ತು. ಬೋಲ್ಟ್ ಬಿಚ್ಚಿದರೆ ಕಳಚಿ ಬರುವ ಸಣ್ಣ ಡಿಶ್ಶನ್ನು ಶಾಶ್ವತ ಕಟ್ಟಡವೆನ್ನುವುದು ಕಷ್ಟ. ಆದರೂ ತಾರಸಿ ಬಾಡಿಗೆಯಲ್ಲಿ ಸೇರಿರದಿದ್ದರೆ ಅಲ್ಲಿ ತೂತು ಕೊರೆಯುವ ಹಕ್ಕು ಬಾಡಿಗೆದಾರರಿಗೆ ಇರುವುದಿಲ್ಲ. ಹೀಗಾಗಿ ಕರಾರು ಬರೆಯುವಾಗಲೇ ‘ಒಂದು ಡಿಶ್ ಇಡಬಹುದು, ಬಿಡುವಾಗ ತೂತು ಮುಚ್ಚಿಕೊಡಬೇಕು’ ಎಂದು ಒಂದು ಸಾಲು ಸೇರಿಸಿಕೊಳ್ಳುವುದು ಒಳ್ಳೆಯದು. ಫ್ಲಾಟ್‌ಗಳಲ್ಲಿ ತಾರಸಿ ಸಾಮಾನ್ಯವಾಗಿ ಎಲ್ಲರ ಸಾಮೂಹಿಕ ಜಾಗ; ಅಲ್ಲಿ ಸಂಘದ ನಿಯಮ ನೋಡಬೇಕು.

ಹೊರದೇಶಗಳಲ್ಲಿ ಹೇಗೆ?

ಅಮೆರಿಕದಲ್ಲಿ 1996ರಿಂದ ಒಂದು ನಿಯಮವಿದೆ. ಒಂದು ಮೀಟರ್‌ವರೆಗಿನ ಡಿಶ್ಶನ್ನು ಸ್ವಂತ ಬಳಕೆಯ ಜಾಗದಲ್ಲಿ ಇಡುವುದನ್ನು ನಿವಾಸಿ ಸಂಘಗಳು ತಡೆಯುವಂತಿಲ್ಲ. 1999ರಲ್ಲಿ ಇದು ಬಾಡಿಗೆದಾರರಿಗೂ ವಿಸ್ತರಿಸಿತು. ಸ್ವೀಡನ್‌ನಲ್ಲಿ ಇರಾಕ್ ಮೂಲದ ದಂಪತಿ ಅರಬ್ಬಿ ಮತ್ತು ಫಾರಸಿ ಕಾರ್ಯಕ್ರಮಗಳಿಗಾಗಿ ಡಿಶ್ ಇಟ್ಟಿದ್ದರು. ಅದನ್ನು ತೆಗೆಯಲು ಒಪ್ಪದ ಕಾರಣ ಮಕ್ಕಳೊಂದಿಗೆ ಬಾಡಿಗೆ ಮನೆ ಬಿಡಬೇಕಾಯಿತು. 2008ರ ಡಿಸೆಂಬರ್ 16ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಇದರಿಂದ ಅವರ ಮಾಹಿತಿ ಪಡೆಯುವ ಸ್ವಾತಂತ್ರ್ಯಕ್ಕೆ ಭಂಗವಾಗಿದೆ ಎಂದು ತೀರ್ಪಿತ್ತಿತು. ಈ ತೀರ್ಪು ಭಾರತದ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೂ ಮನೆಮಾತಿನ ಕಾರ್ಯಕ್ರಮ ನೋಡಲು ಬಯಸುವ ಭಾಷಾ ಅಲ್ಪಸಂಖ್ಯಾತರು ತಿಳಿದಿರಬೇಕಾದ ವಿಷಯ.

ಪಕ್ಕದ ಮರ ಅಡ್ಡವಾದರೆ

ಫ್ರೀ ಡಿಶ್‌ನ ಸಂಕೇತ ಬರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ಕಾಸರಗೋಡಿನಿಂದ ನೋಡಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ಸುಮಾರು 64 ಡಿಗ್ರಿ ಎತ್ತರದಲ್ಲಿದೆ. ಆ ನೇರದಲ್ಲಿ ತೆಂಗಿನ ಗರಿ ಬಂದರೂ ಚಿತ್ರ ಕೆಡುತ್ತದೆ. ಹಾಗೆಂದು ಪಕ್ಕದವರ ಜಾಗದ ಮರ ಕಡಿಸುವ ಹಕ್ಕು ಸಿಗುವುದಿಲ್ಲ. 1882ರ ಅನುಭೋಗ ಹಕ್ಕುಗಳ ಕಾಯ್ದೆ 20 ವರ್ಷ ಅನುಭವಿಸಿದ ಗಾಳಿ-ಬೆಳಕಿಗೆ ರಕ್ಷಣೆ ಕೊಡುತ್ತದೆ, ಟಿ.ವಿ. ಸಂಕೇತದ ಮಾತು ಅದರಲ್ಲಿಲ್ಲ. ಲಂಡನ್‌ನಲ್ಲಿ ಎತ್ತರದ ಕಟ್ಟಡವೊಂದರಿಂದ ಚಿತ್ರ ಕೆಟ್ಟಿತೆಂದು ನಿವಾಸಿಗಳು ಹೂಡಿದ ದಾವೆಯನ್ನು 1997ರಲ್ಲಿ ಅಲ್ಲಿನ ಉನ್ನತ ನ್ಯಾಯಪೀಠವೂ ಒಪ್ಪಲಿಲ್ಲ. ಡಿಶ್ ಸ್ವಲ್ಪ ಸರಿಸಿ ನೋಡುವುದು, ಇಲ್ಲವೇ ನೆರೆಯವರಲ್ಲಿ ವಿನಂತಿಸುವುದೇ ಸುಲಭದ ದಾರಿ.

ಸುರಕ್ಷತೆ

ಕಟ್ಟಡದ ಹತ್ತಿರ ಹಾದುಹೋಗುವ 11 ಕೆ.ವಿ. ವಿದ್ಯುತ್ ತಂತಿಗೆ ಅಡ್ಡಲಾಗಿ ಕನಿಷ್ಠ 1.2 ಮೀಟರ್, ಮೇಲ್ಮುಖವಾಗಿ 3.7 ಮೀಟರ್ ಅಂತರವಿರಬೇಕು ಎಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ. ಉದ್ದದ ಕಬ್ಬಿಣದ ಪೈಪನ್ನು ತಂತಿಯ ಬಳಿ ಎತ್ತುವುದು ಪ್ರಾಣಕ್ಕೆ ಅಪಾಯ. ವಿದ್ಯುತ್ ಕಂಬಕ್ಕೆ ಕೇಬಲ್ ಕಟ್ಟಬಾರದು. ಗುಡುಗು-ಸಿಡಿಲಿನ ಮೋಡ ಕಾಣುತ್ತಲೇ ಪ್ಲಗ್ ಮತ್ತು ಡಿಶ್‌ನ ವಯರ್ ಎರಡನ್ನೂ ಕಳಚಿಡಬೇಕು. ಸಿಡಿಲು ಸುರುವಾದ ಮೇಲೆ ಮುಟ್ಟಬಾರದು. ಡಿಶ್ ಬಿದ್ದು ಇನ್ನೊಬ್ಬರಿಗೆ ನಷ್ಟವಾದರೆ ಇಟ್ಟವರೇ ಉತ್ತರ ಹೇಳಬೇಕಾಗಬಹುದು.

ದೂರು ಎಲ್ಲಿ?

ಕೇಬಲ್ ಇರಲಿ, ಡಿಟಿಎಚ್ ಇರಲಿ, ಲಭ್ಯವಿರುವ ಚಾನೆಲ್‌ಗಳನ್ನು ಬಿಡಿಯಾಗಿ ಆರಿಸುವ ಅವಕಾಶ ಟ್ರಾಯ್‌ನ 2017ರ ನಿಯಮಗಳಿಂದ ಗ್ರಾಹಕರಿಗೆ ಸಿಕ್ಕಿದೆ. ಸೇವೆಯಲ್ಲಿ ಲೋಪವಾದರೆ ಮೊದಲು ಸಂಸ್ಥೆಗೆ ದೂರು ಕೊಟ್ಟು ನಂಬರ್ ಬರೆದಿಟ್ಟುಕೊಳ್ಳಬೇಕು. ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಇಲ್ಲವೇ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರುದಾರರು ವಾಸವಿರುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಅಂದರೆ ಸುಳ್ಯದಲ್ಲೋ ಮಂಗಳೂರಿನಲ್ಲೋ ಕನೆಕ್ಷನ್ ಕೊಂಡ ಬೋವಿಕಾನದವರು ಅಲ್ಲಿಗೆ ಅಲೆಯಬೇಕಿಲ್ಲ, ಕಾಸರಗೋಡಿನಲ್ಲೇ ದೂರು ಸಲ್ಲಿಸಬಹುದು. ಸರಕಾರಿ ಅಧಿಕಾರಿಗಳಿಗೆ ಕೊಡುವ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಬರೆಯಲು ಸಂವಿಧಾನದ 350ನೇ ವಿಧಿ ಅವಕಾಶ ನೀಡುತ್ತದೆ. ಕನ್ನಡದಲ್ಲಿ ಬರೆಯಲು ಹಿಂಜರಿಯಬೇಕಾಗಿಲ್ಲ.