ಪಿಂಕ್ ಫ್ಲಾಯ್ಡ್: ಐದು ಆಲ್ಬಮ್, ಒಂದು ಖಾಲಿ ಜಾಗ

ಪಿಂಕ್ ಫ್ಲಾಯ್ಡ್ ಕೇಳುವ ಇಬ್ಬರು ಒಂದೇ ರೂಮಿನಲ್ಲಿದ್ದರೆ ರಜೆಯ ದಿನ ಒಂದು ವಾದ ಗ್ಯಾರಂಟಿ: ಈ ತಂಡದ ಆಲ್ಬಮ್‌ಗಳಲ್ಲಿ ಮೊದಲ ಸ್ಥಾನ ಯಾವುದಕ್ಕೆ? ಜನಪ್ರಿಯತೆಯ ಲೆಕ್ಕ ಹಿಡಿದರೆ ಉತ್ತರ ಸುಲಭ. ಆದರೆ ತಂಡದ ಇತಿಹಾಸ ತಿಳಿದುಕೊಂಡು ಕೇಳಿದರೆ ಪಟ್ಟಿ ಬದಲಾಗುತ್ತದೆ.

1965ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈ ತಂಡದ ಮೊದಲ ನಾಯಕ ಸಿಡ್ ಬ್ಯಾರೆಟ್. 1967ರ ಮೊದಲ ಆಲ್ಬಮ್ಮಿನ ಹೆಚ್ಚಿನ ಹಾಡುಗಳು ಅವರವೇ. ಮಾದಕ ವಸ್ತು, ಮನಸ್ಸಿನ ಅಸ್ವಸ್ಥತೆ ಎರಡೂ ಸೇರಿ 1968ರಲ್ಲಿ ಅವರು ತಂಡದಿಂದ ಹೊರಬಿದ್ದರು. ಉಳಿದವರು ರೋಜರ್ ವಾಟರ್ಸ್, ರಿಚರ್ಡ್ ರೈಟ್, ನಿಕ್ ಮೇಸನ್ ಮತ್ತು ಹೊಸದಾಗಿ ಬಂದ ಡೇವಿಡ್ ಗಿಲ್ಮೋರ್.

ನನ್ನ ಪಟ್ಟಿಯಲ್ಲಿ ಐದನೆಯದು ‘ದಿ ವಾಲ್’ (1979). ಕಥೆ ದೊಡ್ಡದು, ತಂಡ ಮಾತ್ರ ಒಡೆದಿತ್ತು. ವಾಟರ್ಸ್ ಜೊತೆಗಿನ ಜಗಳದಲ್ಲಿ ರೈಟ್ ಸದಸ್ಯತ್ವವನ್ನೇ ಕಳೆದುಕೊಂಡು, ಮುಂದಿನ ಪ್ರದರ್ಶನಗಳಲ್ಲಿ ಸಂಬಳಕ್ಕೆ ನುಡಿಸಿದರು.

ನಾಲ್ಕನೆಯದು ‘ಅನಿಮಲ್ಸ್’ (1977). ನಾಯಿ, ಹಂದಿ, ಕುರಿಗಳ ಹೆಸರಿನಲ್ಲಿ ಸಮಾಜವನ್ನು ಬೈಯುವ ಆಲ್ಬಮ್. ಗಿಟಾರ್ ಅದ್ಭುತ, ಸಿಟ್ಟು ಮಾತ್ರ ಒಬ್ಬರದೇ.

ಮೂರನೆಯದು ‘ಮೆಡಲ್’ (1971). ಸುಮಾರು 23 ನಿಮಿಷದ ‘ಎಕೋಸ್’ ತಟ್ಟೆಯ ಒಂದು ಇಡೀ ಬದಿಯನ್ನು ತುಂಬುತ್ತದೆ. ರೈಟ್ ಅವರ ಪಿಯಾನೋದ ಒಂದೇ ಸ್ವರದಿಂದ ಆರಂಭವಾಗುವ ಆ ರಚನೆಗೆ ನಾಲ್ವರ ಹೆಸರೂ ಇದೆ.

ಎರಡನೆಯದು ‘ದಿ ಡಾರ್ಕ್ ಸೈಡ್ ಆಫ್ ದ ಮೂನ್’ (1973). ಕಾಲ, ಹಣ, ಸಾವು, ಹುಚ್ಚು ಇದರ ವಸ್ತು. 1988ರ ಹೊತ್ತಿಗೆ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 741 ವಾರ ಕಳೆದಿತ್ತು. ಇದರಲ್ಲಿ ಮಾತೇ ಇಲ್ಲದೆ ದನಿಯಿಂದಲೇ ಹಾಡಿದ ಕ್ಲೇರ್ ಟೋರಿಗೆ ಆ ಭಾನುವಾರದ ಕೆಲಸಕ್ಕೆ ಸಿಕ್ಕಿದ್ದು 30 ಪೌಂಡ್. ಅವರು 2004ರಲ್ಲಿ ಕೋರ್ಟಿಗೆ ಹೋದರು. ಮರುವರ್ಷ ರಾಜಿಯಾಗಿ, ಸಹ-ರಚನೆಕಾರರೆಂದು ಹೆಸರು ಸಿಕ್ಕಿತು. ಕೆಲಸಕ್ಕೆ ತಕ್ಕ ಹೆಸರು ಬರಲು ಮೂವತ್ತು ವರ್ಷ ಮೀರಿತು.

ಮೊದಲನೆಯದು ‘ವಿಶ್ ಯೂ ವರ್ ಹಿಯರ್’ (1975). ನೀನಿಲ್ಲಿರಬೇಕಿತ್ತು ಎಂದು ಅರ್ಥ. ಒಂಬತ್ತು ಭಾಗಗಳ ‘ಶೈನ್ ಆನ್ ಯೂ ಕ್ರೇಜಿ ಡೈಮಂಡ್’ ಬ್ಯಾರೆಟ್‌ರನ್ನು ನೆನೆದು ಕಟ್ಟಿದ್ದು. 1975ರ ಜೂನ್ 5ರಂದು ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಕೆಲಸ ನಡೆಯುತ್ತಿದ್ದಾಗ ತಲೆ, ಹುಬ್ಬು ಬೋಳಿಸಿಕೊಂಡ ದಪ್ಪ ಮನುಷ್ಯನೊಬ್ಬ ಒಳಗೆ ಬಂದ. ಯಾರೋ ಇರಬೇಕೆಂದು ಎಲ್ಲರೂ ಸುಮ್ಮನಿದ್ದರು. ಅವರು ಬ್ಯಾರೆಟ್ ಎಂದು ಗೊತ್ತಾಗುವ ಹೊತ್ತಿಗೆ ಬಹಳ ಸಮಯ ಕಳೆದಿತ್ತು. ಯಾರಿಗಾಗಿ ಹಾಡು ಕಟ್ಟುತ್ತಿದ್ದರೋ ಅವರನ್ನೇ ಗೆಳೆಯರು ಗುರುತಿಸಲಿಲ್ಲ.

ಎರಡು ವರ್ಷದ ಮೇಲೆ ರಜೆಗೆ ಹೋದಾಗ ಸ್ವಂತ ಮಗುವೇ ಗುರುತು ಸಿಗದೆ ಅಮ್ಮನ ಸೆರಗಿನ ಹಿಂದೆ ಅಡಗಿದ್ದನ್ನು ಕಂಡವರು ನಮ್ಮಲ್ಲಿದ್ದಾರೆ. ಅವರಿಗೆ ಈ ಆಲ್ಬಮ್ ಏಕೆ ಮೊದಲನೆಯದೆಂದು ನಾನು ಬಿಡಿಸಿ ಹೇಳಬೇಕಿಲ್ಲ.